ಪುಸ್ತಕದ ಜಾತ್ರೆಯಲ್ಲಿ ಒಂದು ದಿನ

ಜಾತ್ರೆಯೆಂದರೆ ನಮ್ಮ ನಾಡಿನ ಹೆಂಗಸರಿಗೂ ಮಕ್ಕಳಿಗೂ ಎಷ್ಟು ಸಂತೋಷವೆಂಬುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ತೇರನ್ನು ನೋಡುವುದು ಒಂದು ನೆಪ. ಬಳೆಯ ಅಂಗಡಿ, ಬೆಂಡು ಬತ್ತಾಸಿನ ಅಂಗಡಿ, ಆಟಿಕೆಯ ಅಂಗಡಿ ಇವುಗಳ ಮುಂದೆ ನಿಂತು, ಕೈಯಲ್ಲಿರುವ ನಾಲ್ಕು ಕಾಸನ್ನು ಎಲ್ಲಿ ವೆಚ್ಚ ಮಾಡಬೇಕೆಂದು ಆಲೋಚಿಸುವುದೇ ಅದರ ನಿಜವಾದ ಸೊಗಸು. ವರ್ಷವೆಲ್ಲ ಮನೆಯವರ ಇಚ್ಛೆಯಂತೆ ನಡೆಯುವ ಹೆಣ್ಣುಮಗಳೂ ಆ ಒಂದು ದಿನ ಬಳೆಗಾರನ ಮುಂದೆ ಕುಳಿತು, “ಹಸುರು ಬೇಡ, ಕೆಂಪು ಕೊಡು” ಎಂದು ಧೈರ್ಯವಾಗಿ ಹೇಳುತ್ತಾಳೆ. ಬಳೆಯ ವಿಷಯದಲ್ಲಿ ಇರುವ ಈ ಸ್ವಾತಂತ್ರ್ಯವು ಪುಸ್ತಕದ ವಿಷಯದಲ್ಲಿ ನಮ್ಮ ಬಾಲಿಕೆಯರಿಗೆ ಉಂಟೇ? ಪಠ್ಯಪುಸ್ತಕವನ್ನು ಸರಕಾರವು ಆರಿಸುತ್ತದೆ. ಗ್ರಂಥಾಲಯದ ಪುಸ್ತಕವನ್ನು ಉಪಾಧ್ಯಾಯಿನಿಯರು ಆರಿಸುತ್ತಾರೆ. ಬಹುಮಾನದ ಪುಸ್ತಕವನ್ನು ದಾನಿಗಳು ಆರಿಸುತ್ತಾರೆ. ಹೀಗೆ ಹತ್ತು ವರ್ಷಗಳ ಕಾಲ ಓದಿದ ಹುಡುಗಿಯೂ ತಾನಾಗಿ ಒಂದು ಪುಸ್ತಕವನ್ನು ಆರಿಸದೆಯೇ ಶಾಲೆಯನ್ನು ಬಿಟ್ಟು ಹೋಗುವ ಸಂಭವವುಂಟು.

ಈ ಆಲೋಚನೆಯು ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಇದ್ದಿತು. 2023ನೆಯ ಇಸವಿ ಜನವರಿ ತಿಂಗಳ 6, 7 ಮತ್ತು 8ನೆಯ ತಾರೀಖುಗಳಲ್ಲಿ ನಮ್ಮ ನೆರೆಯ ಹಾವೇರಿ ಪಟ್ಟಣದಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಶ್ರೀ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ಸೇರಿದಾಗ, ಅದನ್ನು ಪರೀಕ್ಷಿಸಿ ನೋಡುವುದಕ್ಕೆ ಒಂದು ಅನುಕೂಲವು ಒದಗಿತು. ಸಮ್ಮೇಳನದ ವೃತ್ತಾಂತವನ್ನು ವೃತ್ತಪತ್ರಿಕೆಗಳು ಆಗಲೇ ವಿಸ್ತಾರವಾಗಿ ಪ್ರಕಟಿಸಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿಯ ಬಯಲಿನ ಪುಸ್ತಕದ ಅಂಗಡಿಗಳಲ್ಲಿ ನಮ್ಮ ಶಾಲೆಯ 12 ಮಂದಿ ವಿದ್ಯಾರ್ಥಿನಿಯರೊಡನೆ ನಾನು ಕಳೆದ ಒಂದು ದಿನದ ವಿಷಯವನ್ನು ಮಾತ್ರ ಈ ಸಂಚಿಕೆಯ ವಾಚಕರ ಮುಂದೆ ಇಡಲು ಅಪೇಕ್ಷಿಸುತ್ತೇನೆ.

ಸಾಹಿತ್ಯ ಸಮ್ಮೇಳನವು ನಮ್ಮ ಊರಿಗೆ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಮೊದಲನೆಯ ಸಮ್ಮೇಳನವು ಎಚ್. ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಅದೇ ವರ್ಷ ನಡೆದ ಮೇಲೆ, ಏಳು ವರ್ಷಗಳೊಳಗಾಗಿಯೇ, ಅಂದರೆ 1922ರಲ್ಲಿ, ಅದು ದಾವಣಗೆರೆಗೆ ಬಂದಿತು. ‘ತಾತಯ್ಯ’ ಎಂದು ಮೈಸೂರಿನ ಜನರು ಪ್ರೀತಿಯಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಆಗ ಅಧ್ಯಕ್ಷರು. ಅವರು ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರೆಂಬುದು ನಮ್ಮ ವೃತ್ತಿಯವರಿಗೆಲ್ಲ ಹೆಮ್ಮೆಯ ವಿಷಯ. ಅನಂತರ 1992ರಲ್ಲಿ ಜಿ. ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ 61ನೆಯ ಸಮ್ಮೇಳನವೂ ಇಲ್ಲಿಯೇ ಸೇರಿತು. ನಾನು ಆಗ ಕೆಳತರಗತಿಯಲ್ಲಿ ಓದುತ್ತಿದ್ದ ಬಾಲಕಿ. ತಂದೆಯವರು ನನ್ನ ಕೈ ಹಿಡಿದುಕೊಂಡು ಅಂಗಡಿಯಿಂದ ಅಂಗಡಿಗೆ ನಡೆಸಿ, ಮಹಾಪುರುಷರ ಜೀವನಚರಿತ್ರೆಯ ಪುಸ್ತಕವೊಂದನ್ನು ಕೊಡಿಸಿದರು. ಅದನ್ನು ನಾನು ಬಹಳ ಆದರದಿಂದ ಓದಿದೆನು. ಇಂದಿಗೂ ಅದು ನನ್ನಲ್ಲಿದೆ. ಆದರೆ ಅದು ಅವರು ಆರಿಸಿದ ಪುಸ್ತಕವೇ ಹೊರತು ನಾನು ಆರಿಸಿದುದಲ್ಲ. ನಾನು ಬಣ್ಣದ ಹಕ್ಕಿಗಳ ಚಿತ್ರವಿದ್ದ ಬೇರೊಂದು ಪುಸ್ತಕದ ಕಡೆಗೆ ನೋಡುತ್ತಿದ್ದೆನು. “ಯಾವುದು ಬೇಕು?” ಎಂದು ಮಕ್ಕಳನ್ನು ಕೇಳುವ ವಾಡಿಕೆಯು ಆ ಕಾಲದ ಮನೆಗಳಲ್ಲಿ ಇರಲಿಲ್ಲ, ಈ ಕಾಲದ ಮನೆಗಳಲ್ಲಿಯೂ ಹೆಚ್ಚಾಗಿ ಬಂದಂತೆ ಕಾಣುವುದಿಲ್ಲ.

ಹಳೆಯ ವಿದ್ಯಾರ್ಥಿನಿಯರ ಸಂಘದವರು ಗ್ರಂಥಾಲಯಕ್ಕೆಂದು ಕೊಟ್ಟ ಸ್ವಲ್ಪ ಹಣವು ಆ ವರ್ಷ ನಮ್ಮಲ್ಲಿ ಉಳಿದಿದ್ದಿತು. ಪರೀಕ್ಷೆಗೆ ಸಹಾಯಕವಾಗುವ ಗೈಡುಗಳನ್ನು ಕೊಳ್ಳಬೇಕೆಂದು ಕೆಲವರು ಸೂಚಿಸಿದರು. ಅದು ನಿರುಪಯುಕ್ತವಾದ ಸೂಚನೆಯೇನೂ ಅಲ್ಲ. ಆದರೂ ನಾವು ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ಬಾಲಿಕೆಯರ ಹೆಸರುಗಳ ಚೀಟಿಯೆತ್ತಿ, 12 ಮಂದಿಯನ್ನು ಗೊತ್ತುಮಾಡಿ, ಒಬ್ಬೊಬ್ಬಳಿಗೂ 300 ರೂಪಾಯಿಗಳನ್ನು ಕೊಡುವುದೆಂದು ನಿಶ್ಚಯಿಸಿದೆವು. ಅಂಕಗಳ ಮೇಲೆ ಆರಿಸಿದ್ದರೆ ಓದುವುದರಲ್ಲಿ ಮುಂದಾದವರೇ ಬರುತ್ತಿದ್ದರು. ಪುಸ್ತಕದ ಅಂಗಡಿಯ ಅವಶ್ಯಕತೆಯು ಅವರಿಗಿಂತ ಹಿಂದಿನ ಬೆಂಚಿನವರಿಗೆ ಹೆಚ್ಚು. ನಿಯಮಗಳು ಎರಡೇ: ಪುಸ್ತಕವನ್ನು ತಾನೇ ಆರಿಸತಕ್ಕದ್ದು, ಓದಿದ ಮೇಲೆ ಗ್ರಂಥಾಲಯಕ್ಕೆ ಕೊಡತಕ್ಕದ್ದು. ಉಪಾಧ್ಯಾಯಿನಿಯರಿಗೂ ಒಂದು ನಿಯಮವಿದ್ದಿತು: ಯಾರೂ ಸಲಹೆ ಕೊಡಕೂಡದು. ಮೂರನೆಯದೇ ಎಲ್ಲಕ್ಕಿಂತ ಕಷ್ಟವಾದ ನಿಯಮವೆಂದು ಆ ದಿನ ಮಧ್ಯಾಹ್ನದೊಳಗಾಗಿ ನಮಗೆ ಚೆನ್ನಾಗಿ ತಿಳಿಯಿತು.

ಶನಿವಾರ ಬೆಳಿಗ್ಗೆ ವಿನೋಬನಗರದ ನನ್ನ ಮನೆಯ ಮುಂದೆ ಬಾಲಿಕೆಯರೆಲ್ಲರೂ ಸೇರಿದರು. ಅವರಲ್ಲಿ ಐದು ಮಂದಿ ಇದೇ ಬಡಾವಣೆಯವರು. ಒಬ್ಬಳ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಅವರು ಹನ್ನೆರಡು ಮಂದಿಗೂ ಸಾಲುವಷ್ಟು ಒಗ್ಗರಣೆ ಮಂಡಕ್ಕಿಯನ್ನು ಡಬ್ಬಿಯಲ್ಲಿ ತುಂಬಿ ಕಳುಹಿಸಿದ್ದರು. ರಾತ್ರಿ 8 ಗಂಟೆಯೊಳಗಾಗಿ ಮಕ್ಕಳನ್ನು ಮನೆ ಸೇರಿಸುವೆವೆಂದು ತಂದೆತಾಯಿಗಳಿಗೆ ಮಾತು ಕೊಟ್ಟು ರೈಲು ಹತ್ತಿದೆವು. ಹರಿಹರವನ್ನು ದಾಟಿದೊಡನೆ ಗಾಡಿಯು ತುಂಗಭದ್ರಾ ನದಿಯ ಸೇತುವೆಯ ಮೇಲೆ ಹೋಯಿತು. 1956ನೆಯ ಇಸವಿ ನವೆಂಬರ್ 1ನೆಯ ತಾರೀಖಿನಂದು ಕನ್ನಡನಾಡು ಒಂದಾಗುವವರೆಗೆ ಈ ನದಿಯ ಈಚೆಯ ದಡವು ಮೈಸೂರು ಸಂಸ್ಥಾನಕ್ಕೂ ಆಚೆಯ ದಡವು ಮುಂಬಯಿ ಪ್ರಾಂತಕ್ಕೂ ಸೇರಿದ್ದಿತೆಂದು ಕನ್ನಡ ಪಂಡಿತೆಯವರು ಹೇಳಿದಾಗ, ಬಾಲಿಕೆಯರು ಕಿಟಕಿಯಿಂದ ಇಣಿಕಿ, ಗೆರೆಯೇನಾದರೂ ಕಾಣುವುದೋ ಎಂದು ನೋಡಿದರು. ರಾಣೆಬೆನ್ನೂರು ಕಳೆದು ಬ್ಯಾಡಗಿ ಬಂದಾಗ ಮೆಣಸಿನಕಾಯಿಯ ಘಾಟಿಗೆ ಎಲ್ಲರಿಗೂ ಸೀನು ಬಂದಿತು. ಅದರೊಡನೆ ನಗೆಯೂ ಬಂದಿತು.

ಸಮ್ಮೇಳನದ ಬಯಲಿನಲ್ಲಿ ಮುಖ್ಯ ವೇದಿಕೆಗೆ ಕನಕದಾಸರು, ಶಿಶುನಾಳ ಶರೀಫರು ಮತ್ತು ಸರ್ವಜ್ಞ, ಈ ಮೂವರ ಹೆಸರುಗಳನ್ನು ಇಟ್ಟಿದ್ದರು; ಮೂವರೂ ಆ ಸೀಮೆಯವರೇ. ಅಲ್ಲಿಂದ ಧ್ವನಿವರ್ಧಕದ ಭಾಷಣಗಳು ಕೇಳಿಬರುತ್ತಿದ್ದವು. ನಾವು ಪುಸ್ತಕದ ಅಂಗಡಿಗಳ ಕಡೆಗೆ ತಿರುಗಿದೆವು. ತಗಡು ಮತ್ತು ಬಟ್ಟೆಗಳಿಂದ ಕಟ್ಟಿದ ಅಂಗಡಿಗಳು ಸಾಲುಸಾಲಾಗಿ ನಿಂತಿದ್ದವು. ಜನರ ನಡಿಗೆಯಿಂದ ಎದ್ದ ಧೂಳನ್ನು ಅಂಗಡಿಯವರು ಗಳಿಗೆಗೊಮ್ಮೆ ಬಟ್ಟೆಯಿಂದ ಒರಸುತ್ತಿದ್ದರು. ಒಂದು ಕಡೆ ವಚನಗಳು, ಒಂದು ಕಡೆ ಕೃಷಿಯ ಪುಸ್ತಕಗಳು, ಮತ್ತೊಂದು ಕಡೆ ಕಾದಂಬರಿಗಳ ರಾಶಿ, ಅದರ ಮಗ್ಗುಲಿಗೇ ಸ್ಪರ್ಧಾಪರೀಕ್ಷೆಯ ಗೈಡುಗಳು. ಹೊಲದಿಂದ ನೆಟ್ಟಗೆ ಬಂದಂತಿದ್ದ ರೈತರೂ, ಸೆರಗಿನಲ್ಲಿ ಕೂಸನ್ನು ಕಟ್ಟಿಕೊಂಡ ತಾಯಂದಿರೂ, ಕಾಲೇಜಿನ ಹುಡುಗರೂ ಒಂದೇ ಮೇಜಿನ ಸುತ್ತ ನಿಂತು ಪುಟಗಳನ್ನು ತಿರುವುತ್ತಿದ್ದರು. ಗೋಡೆಯೂ ಬಾಗಿಲೂ ಇಲ್ಲದ ಅಂಗಡಿಯಲ್ಲಿ ಒಂದು ಗುಣವುಂಟು. ಊರ ಪೇಟೆಯ ಪುಸ್ತಕದಂಗಡಿಯ ಮೆಟ್ಟಿಲನ್ನು ಹತ್ತಲು ಸಂಕೋಚಪಡುವವರು ಬಯಲಿನ ಅಂಗಡಿಯ ಮುಂದೆ ನಿಸ್ಸಂಕೋಚವಾಗಿ ನಿಲ್ಲುತ್ತಾರೆ. ಒಳಗೆ ಹೋಗುವುದೆಂಬುದೇ ಅಲ್ಲಿ ಇಲ್ಲ.

ಮೊದಲನೆಯ ಅಂಗಡಿಯಲ್ಲಿಯೇ ನಾನು ಎಂದಿಗೂ ಮರೆಯಲಾಗದ ಒಂದು ನೋಟವನ್ನು ಕಂಡೆನು. ಅಂಗಡಿಯ ಹಿರಿಯರು ನಮ್ಮ ಬಾಲಿಕೆಯೊಬ್ಬಳನ್ನು ಕುರಿತು, “ಯಾವ ಪುಸ್ತಕ ಬೇಕವ್ವಾ?” ಎಂದು ಕೇಳಿದರು. ಆಕೆಯು ಉತ್ತರ ಕೊಡದೆ ಹಿಂದಿರುಗಿ ನನ್ನ ಮುಖವನ್ನು ನೋಡಿದಳು. ಪಕ್ಕದವಳನ್ನು ಕೇಳಿದರು, ಅವಳೂ ನನ್ನನ್ನೇ ನೋಡಿದಳು. ಹೀಗೆ ಒಬ್ಬರಾದ ಮೇಲೊಬ್ಬರು, ಅಲ್ಲಿದ್ದವರೆಲ್ಲರೂ ನನ್ನ ಕಡೆಗೆ ತಿರುಗಿದರು. ಅವರು ದಡ್ಡರಲ್ಲ, ಪಾಠದ ಪ್ರಶ್ನೆಗಳಿಗೆ ಪಟಪಟನೆ ಉತ್ತರ ಕೊಡತಕ್ಕವರು. ಆದರೆ ಆ ಪ್ರಶ್ನೆಗಳ ಉತ್ತರವು ಪುಸ್ತಕದಲ್ಲಿ ಇರುತ್ತದೆ. ‘ನಿನಗೆ ಏನು ಬೇಕು’ ಎಂಬ ಪ್ರಶ್ನೆಯ ಉತ್ತರವು ತನ್ನೊಳಗೆ ಇರಬೇಕಾದುದು. ಆ ಪ್ರಶ್ನೆಯನ್ನು ಅವರಲ್ಲಿ ಅನೇಕರನ್ನು ಯಾರೂ ಕೇಳಿಯೇ ಇರಲಿಲ್ಲ. ನಾನು ನಿಯಮವನ್ನು ನೆನೆದು, ಬೇರೊಂದು ಮೇಜಿನ ಕಡೆಗೆ ತಿರುಗಿ, ನನಗೆ ಬೇಡವಾದ ಪುಸ್ತಕವೊಂದನ್ನು ಬಹಳ ಗಮನವಿಟ್ಟು ನೋಡತೊಡಗಿದೆನು.

ಹಾವೇರಿಯ ನೆಲದಲ್ಲಿ ಪುಸ್ತಕದ ಮಾರಾಟದ ಮಾತು ಬಂದರೆ ಗಳಗನಾಥರನ್ನು ಸ್ಮರಿಸದೆ ಇರಲಾಗದು. ವರದಾ ನದಿಯು ತುಂಗಭದ್ರೆಯನ್ನು ಕೂಡುವ ಗಳಗನಾಥವೆಂಬ ಗ್ರಾಮವು ಈ ಜಿಲ್ಲೆಯಲ್ಲಿಯೇ ಇದೆ. ಅಲ್ಲಿಯ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಶಾಲಾ ಶಿಕ್ಷಕರಾಗಿದ್ದವರು. ಊರಿನ ಹೆಸರನ್ನೇ ತಮ್ಮ ಕಾವ್ಯನಾಮವನ್ನಾಗಿ ಮಾಡಿಕೊಂಡು ಕಾದಂಬರಿಗಳನ್ನು ಬರೆದರು. ಕನ್ನಡದಲ್ಲಿ ಓದುವವರೇ ವಿರಳವಾಗಿದ್ದ ಆ ಕಾಲದಲ್ಲಿ ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತುಕೊಂಡು ಊರಿಂದ ಊರಿಗೆ ನಡೆದು ಮಾರಿದರೆಂಬ ಮಾತು ಈ ಭಾಗದಲ್ಲಿ ಮನೆಮಾತಾಗಿದೆ. ಓದುಗರು ಬರಲೆಂದು ಕಾದು ಕುಳಿತವರಲ್ಲ ಅವರು. ಓದುಗರಿದ್ದಲ್ಲಿಗೆ ತಾವೇ ಹೋದವರು.

ನಮ್ಮ ಶಾಲೆಯಂತಹ ಶಾಲೆಗಳನ್ನು ನಡೆಸಿದವರಲ್ಲಿಯೂ ಈ ಪದ್ಧತಿಯು ಇದ್ದಿತು. ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರ ಜುಲೈ ತಿಂಗಳಲ್ಲಿ ಹೆರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು, ಮರುವರ್ಷ ಅದರ ಮುದ್ರಣವು ನಮಗೆ ಸಮೀಪವಾದ ಬಳ್ಳಾರಿಗೆ ಬಂದಿತು. ಕಿಟ್ಟೆಲರ ಮಹಾ ನಿಘಂಟು 1894ರಲ್ಲಿ ಮಂಗಳೂರಿನ ಅದೇ ಮುದ್ರಣಾಲಯದಿಂದ ಹೊರಬಂದಿತು. ಆ ಕಾಲದಲ್ಲಿ ಮಿಶನ್ನುಗಳ ಪುಸ್ತಕದ ಗಂಟುಗಳನ್ನು ಹೊತ್ತು ಸಂತೆಗೂ ಜಾತ್ರೆಗೂ ಹೋಗಿ ಮಾರುವುದನ್ನೇ ವೃತ್ತಿಯಾಗಿ ಉಳ್ಳವರಿದ್ದರು. ಪುಸ್ತಕವನ್ನು ಜಾತ್ರೆಗೆ ತರುವುದು ಈ ನಾಡಿನಲ್ಲಿ ಹಳೆಯ ಕಾರ್ಯ. ನಮ್ಮ ಹೆಣ್ಣುಮಕ್ಕಳನ್ನು ಆ ಅಂಗಡಿಯವರೆಗೆ ಕರೆದೊಯ್ಯುವ ಕಾರ್ಯವು ಉಳಿದಿದೆ.

ಒಂದು ಗಂಟೆಯು ಕಳೆಯುವುದರೊಳಗಾಗಿ ಬಾಲಿಕೆಯರ ಸಂಕೋಚವು ಸಡಿಲವಾಯಿತು. ಒಬ್ಬಳು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ತೆಗೆದುಕೊಂಡಳು. ಕಾರಣವನ್ನು ಕೇಳಿದರೆ, “ಇದರಲ್ಲಿ ಹಾರುವ ಓತಿ ಇದೆಯಂತೆ ಮಿಸ್” ಎಂದಳು. 1980ರಲ್ಲಿ ಪ್ರಕಟವಾದ ಆ ಕಾದಂಬರಿಯ ವಿಷಯವಾಗಿ ನಮ್ಮ ವಿಮರ್ಶಕರು ಅನೇಕ ಪುಟಗಳನ್ನು ಬರೆದಿದ್ದಾರೆ. ಆದರೆ ಹದಿನಾಲ್ಕು ವರ್ಷದವಳಿಗೆ ಹಾರುವ ಓತಿಗಿಂತ ಒಳ್ಳೆಯ ಕಾರಣವು ಬೇಡ. ಇನ್ನೊಬ್ಬಳು ಚಿಕ್ಕ ನಿಘಂಟನ್ನು ಆರಿಸಿದಳು. ಮತ್ತೊಬ್ಬಳು ಹೆಂಗಸರು ಬರೆದ ಪುಸ್ತಕಗಳಿವೆಯೇ ಎಂದು ಕೇಳಿ, ತ್ರಿವೇಣಿಯವರ ಕಾದಂಬರಿಯೊಂದನ್ನು ಕೊಂಡಳು. 35 ವರ್ಷ ತುಂಬುವ ಮೊದಲೇ 1963ರಲ್ಲಿ ಕಾಲವಾದ ಆ ಲೇಖಕಿಯ ಪುಸ್ತಕಗಳನ್ನು ಈಗಲೂ ಕೇಳಿ ಕೊಳ್ಳುವವರಿದ್ದಾರೆಂದು ಅಂಗಡಿಯವರು ಹೇಳಿದರು.

ಈ ಪ್ರಶ್ನೆಯಿಂದಲೇ ಊಟದ ಸಮಯದಲ್ಲಿ ಒಂದು ಸಂಭಾಷಣೆಯು ಹುಟ್ಟಿತು. ರೊಟ್ಟಿ ಪಲ್ಯಗಳ ಸಾಲಿನಲ್ಲಿ ಬಹಳ ಹೊತ್ತು ನಿಲ್ಲಬೇಕಾಗಿದ್ದಿತು; ಒಗ್ಗರಣೆ ಮಂಡಕ್ಕಿಯು ಆಗ ನಮ್ಮ ಕೈ ಹಿಡಿಯಿತು. ಸಮ್ಮೇಳನಕ್ಕೆ ಎಷ್ಟು ಮಂದಿ ಹೆಂಗಸರು ಅಧ್ಯಕ್ಷರಾಗಿದ್ದರೆಂದು ಒಬ್ಬಳು ಕೇಳಿದಳು. 1974ರಲ್ಲಿ ಮಂಡ್ಯದಲ್ಲಿ ಜಯದೇವಿತಾಯಿ ಲಿಗಾಡೆ, 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ, 2003ರಲ್ಲಿ ಮೂಡಬಿದಿರೆಯಲ್ಲಿ ಕಮಲಾ ಹಂಪನಾ, 2010ರಲ್ಲಿ ಗದಗದಲ್ಲಿ ಗೀತಾ ನಾಗಭೂಷಣ, ಹೀಗೆ ನಾಲ್ವರ ಹೆಸರುಗಳನ್ನು ಹೇಳಿದೆನು. “86ರಲ್ಲಿ ನಾಲ್ಕೇ?” ಎಂದು ಅವಳು ಬೆರಳು ಮಡಿಸಿದಳು. ಮುಂದೆ 2024ರಲ್ಲಿ ಮಂಡ್ಯದಲ್ಲಿ 87ನೆಯದು ಮುಗಿದಾಗಲೂ ಆ ಸಂಖ್ಯೆಯು ನಾಲ್ಕೇ ಆಗಿದ್ದಿತು. ನಂಜನಗೂಡು ತಿರುಮಲಾಂಬಾ (1887–1982) ಎಂಬವರು ಬಾಲ್ಯದಲ್ಲಿಯೇ ವಿಧವೆಯಾಗಿ, ಶಾಲೆಯ ಓದಿನ ಅನುಕೂಲವಿಲ್ಲದೆ ಬೆಳೆದರೂ, ತಾವೇ ಬರೆದು, ‘ಸತಿಹಿತೈಷಿಣಿ’ಯೆಂಬ ಗ್ರಂಥಮಾಲೆಯನ್ನು ತಾವೇ ನಡೆಸಿದರೆಂಬುದನ್ನು ಕನ್ನಡ ಪಂಡಿತೆಯವರು ವಿವರಿಸಿದರು. ತರಗತಿಯಲ್ಲಿ ಇದೇ ವಿಷಯವನ್ನು ಹೇಳಿದ್ದರೆ ಅರ್ಧ ಮಂದಿ ಗಂಟೆಯ ಕಡೆಗೆ ಕಿವಿಗೊಡುತ್ತಿದ್ದರು. ಅಲ್ಲಿ ಒಬ್ಬರೂ ಅತ್ತಿತ್ತ ನೋಡಲಿಲ್ಲ.

ಎಲ್ಲ ಅಂಗಡಿಯವರೂ ಒಂದೇ ವಿಧವಾಗಿರಲಿಲ್ಲ. ಒಂದು ಕಡೆ, “ಕೊಳ್ಳುವುದಾದರೆ ಮಾತ್ರ ಮುಟ್ಟಿ” ಎಂದು ಗದರಿಸಿದರು. ಬಾಲಿಕೆಯರು ಸುಟ್ಟ ಕೈಯಂತೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಇನ್ನೊಂದು ಕಡೆ ವೃದ್ಧರೊಬ್ಬರು ನಿಂತೇ ಓದುತ್ತಿದ್ದ ಹುಡುಗಿಗೆ ತಾವು ಕುಳಿತಿದ್ದ ಸ್ಟೂಲನ್ನು ಕೊಟ್ಟು, “ಓದವ್ವಾ, ಪುಸ್ತಕ ಓದಿದ್ರ ಸವೆಯಂಗಿಲ್ಲ” ಎಂದರು. ಆ ಹುಡುಗಿಯು ಅಲ್ಲಿ ಏನನ್ನೂ ಕೊಳ್ಳಲಿಲ್ಲ. ಆದರೆ ನಮ್ಮಲ್ಲಿ ಮೂವರು ಅಲ್ಲಿಯೇ ಪುಸ್ತಕಗಳನ್ನು ಕೊಂಡರು.

ಇನ್ನೊಬ್ಬ ಬಾಲಿಕೆಯು ಆರಿಸಿದುದು ಅಡಿಗೆಯ ಪುಸ್ತಕ. ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರಿಗೆ ಇದು ಸರಿಬೀಳಲಿಲ್ಲ. ಸಾಹಿತ್ಯ ಸಮ್ಮೇಳನಕ್ಕೆ ಬಂದು, ಗ್ರಂಥಾಲಯದ ಹಣದಿಂದ ಅಡಿಗೆಯ ಪುಸ್ತಕವೇ ಎಂದು ಅವರು ನನ್ನ ಕಿವಿಯಲ್ಲಿ ಕೇಳಿದರು. ಬಾಲಿಕೆಯು ಅದನ್ನು ಕೇಳಿಸಿಕೊಂಡು, “ನಮ್ಮಮ್ಮ ಐದನೇ ಕ್ಲಾಸಿಗೆ ಶಾಲೆ ಬಿಟ್ಟರು ಮಿಸ್. ಇದಾದರೆ ಓದ್ತಾರೆ” ಎಂದಳು. ಉಪಾಧ್ಯಾಯಿನಿಯವರು ಮತ್ತೆ ಮಾತಾಡಲಿಲ್ಲ; ಸ್ವಲ್ಪ ಹೊತ್ತಿನ ಮೇಲೆ ತಾವೇ ಹೋಗಿ ಅಂಗಡಿಯವರೊಡನೆ ಚೌಕಾಸಿ ಮಾಡಿ, ಅದರ ಬೆಲೆಯಲ್ಲಿ ಇಪ್ಪತ್ತು ರೂಪಾಯಿಗಳನ್ನು ಇಳಿಸಿ ಬಂದರು.

ಸಂಜೆ 5 ಗಂಟೆಗೆ ಹೊರಡುವುದೆಂದು ಗೊತ್ತುಮಾಡಿದ್ದೆವು. ಆ ಹೊತ್ತಿಗೆ ಹನ್ನೊಂದು ಮಂದಿಯ ಚೀಲಗಳು ತುಂಬಿದ್ದವು. ಒಬ್ಬಳ ಕೈ ಮಾತ್ರ ಬರಿದಾಗಿದ್ದಿತು. ಮಂಡಕ್ಕಿ ಕಳುಹಿಸಿದ ತಾಯಿಯ ಮಗಳೇ ಅವಳು. ತರಗತಿಯಲ್ಲಿ ಬಾಯಿಬಿಟ್ಟು ಮಾತನಾಡದವಳು. ಸ್ಟೂಲಿನ ಮೇಲೆ ಕುಳಿತು ಓದಿದವಳೂ ಅವಳೇ. 300 ರೂಪಾಯಿಗಳು ಕರವಸ್ತ್ರದ ಗಂಟಿನಲ್ಲಿ ಬೆಳಿಗ್ಗೆ ಕಟ್ಟಿದಂತೆಯೇ ಇದ್ದವು. “ಮಿಸ್, ಇನ್ನೂ ಎರಡು ಸಾಲು ನೋಡಿಲ್ಲ” ಎಂದಳು. ತಂದೆತಾಯಿಗಳಿಗೆ ಕೊಟ್ಟ ಮಾತು ಒಂದು ಕಡೆ, ಈ ಎರಡು ಸಾಲು ಇನ್ನೊಂದು ಕಡೆ. ಉಳಿದವರನ್ನು ಉಪಾಧ್ಯಾಯಿನಿಯರೊಡನೆ ಬಸ್ ನಿಲ್ದಾಣಕ್ಕೆ ಕಳುಹಿಸಿ, ಅವಳೊಡನೆ ನಾನು ಹಿಂದಿರುಗಿದೆನು. ದೀಪಗಳನ್ನು ಹಚ್ಚುತ್ತಿದ್ದರು. ಅವಳು ಅವಸರಪಡಲಿಲ್ಲ. ಕೊನೆಯ ಸಾಲಿನಲ್ಲಿ ಆಕಾಶದ ನಕ್ಷತ್ರಗಳನ್ನು ಗುರುತಿಸುವ ಬಗೆಯನ್ನು ತಿಳಿಸುವ ಒಂದು ತೆಳ್ಳನೆಯ ಪುಸ್ತಕವನ್ನು ಎತ್ತಿಕೊಂಡು, ಅಂಗಡಿಯವರನ್ನು, “ಇದರಲ್ಲಿರೋದು ನಮ್ಮ ಊರಿನಿಂದ ಕಾಣುತ್ತವಾ?” ಎಂದು ಕೇಳಿದಳು. ಅವರು ಪುಟಗಳನ್ನು ತಿರುವಿ ತೋರಿಸಿದರು. ಅವಳು ಇನ್ನೆರಡು ಪ್ರಶ್ನೆಗಳನ್ನು ಕೇಳಿ, ಬೆಲೆಯನ್ನು ವಿಚಾರಿಸಿ, ಗಂಟನ್ನು ಬಿಚ್ಚಿದಳು. ಇಷ್ಟರಲ್ಲಿ ಒಂದು ಸಲವೂ ಅವಳು ತಿರುಗಿ ನನ್ನ ಮುಖವನ್ನು ನೋಡಲಿಲ್ಲ. ಪುಸ್ತಕದ ಬೆಲೆಯು ನೂರು ರೂಪಾಯಿಗೂ ಕಡಿಮೆ. ಉಳಿದ ಹಣವನ್ನು ಎಣಿಸಿ ನನ್ನ ಕೈಯಲ್ಲಿ ಇಟ್ಟಳು. ಬೇಸಗೆಯಲ್ಲಿ ಮನೆಯವರೆಲ್ಲ ಮಾಳಿಗೆಯ ಮೇಲೆ ಮಲಗುವರೆಂದೂ, ಆ ಚುಕ್ಕಿಗಳ ಹೆಸರು ತನಗೆ ಬೇಕಾಗಿದ್ದಿತೆಂದೂ ದಾರಿಯಲ್ಲಿ ತಿಳಿಸಿದಳು. 8 ಗಂಟೆಗೆ ಐದು ನಿಮಿಷವಿರುವಾಗ ದಾವಣಗೆರೆಯನ್ನು ಸೇರಿದೆವು.

ಆ ಪುಸ್ತಕಗಳಿಗಾಗಿ ಗ್ರಂಥಾಲಯದಲ್ಲಿ ಬೀಗವಿಲ್ಲದ ಒಂದು ಬೀರುವನ್ನು ಬೇರೆಯಾಗಿ ಇಟ್ಟಿದ್ದೇವೆ. ಪ್ರತಿಯೊಂದರ ಮೊದಲನೆಯ ಪುಟದಲ್ಲಿ, ‘ಆರಿಸಿದವಳು’ ಎಂದು ಬರೆದು ಬಾಲಿಕೆಯ ಹೆಸರನ್ನು ಹಾಕಿದೆ. ಅಡಿಗೆಯ ಪುಸ್ತಕವು ಮನೆಯಿಂದ ಹಿಂದಿರುಗಿ ಬಂದಾಗ ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ, ‘ಬೆಲ್ಲ ಇಷ್ಟು ಬ್ಯಾಡ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದ್ದಿತು. ಗ್ರಂಥಾಲಯದ ಪುಸ್ತಕದಲ್ಲಿ ಬರೆಯಕೂಡದೆಂಬುದು ನಮ್ಮ ನಿಯಮ. ಆದರೆ ಐದನೆಯ ತರಗತಿಗೆ ಶಾಲೆ ಬಿಟ್ಟ ತಾಯಿಯೊಬ್ಬರು ಎಷ್ಟೋ ವರ್ಷಗಳ ಮೇಲೆ ಪುಸ್ತಕವೊಂದನ್ನು ಓದಿ, ಅದರ ಕರ್ತೃವಿಗೆ ಉತ್ತರ ಕೊಟ್ಟಿದ್ದಾರೆ. ಆ ಅಕ್ಷರಗಳನ್ನು ಅಳಿಸಬೇಡಿರೆಂದು ನಾನು ತಿಳಿಸಿದೆನು. ಅನಂತರ ಬೇರೆ ತಾಯಂದಿರೂ ಆ ಪುಸ್ತಕವನ್ನು ತರಿಸಿಕೊಂಡಿದ್ದಾರೆ.

ನಕ್ಷತ್ರದ ಪುಸ್ತಕವನ್ನು ಆರಿಸಿದವಳು 2024ರಲ್ಲಿ ಎಸ್. ಎಸ್. ಎಲ್. ಸಿ. ಪರೀಕ್ಷೆಯನ್ನು ಮುಗಿಸಿದಳು. ಮುಂದಿನ ಓದು ಬೇಡವೆಂದು ಮನೆಯಲ್ಲಿ ಮೊದಲೇ ನಿಶ್ಚಯವಾಗಿದ್ದಿತು. ವರ್ಗಾವಣೆಯ ಪತ್ರಕ್ಕಾಗಿ ತಂದೆಯೊಡನೆ ನನ್ನ ಕೊಠಡಿಗೆ ಬಂದಾಗ, “ಮುಂದೆ ಏನು ಮಾಡಬೇಕೆಂದಿದ್ದೀಯಮ್ಮಾ?” ಎಂದು ವಾಡಿಕೆಯಂತೆ ಕೇಳಿದೆನು. ತಂದೆಯವರು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ, “ನನಗೆ ಪಿಯುಸಿ ಸೈನ್ಸ್ ಬೇಕು ಮಿಸ್” ಎಂದಳು. ತಂದೆಯವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಕಾಲೇಜಿನ ಅರ್ಜಿಯು ಎಲ್ಲಿ ದೊರೆಯುವುದೆಂದು ನನ್ನನ್ನು ಕೇಳಿಕೊಂಡು ಹೋದರು. ಇದೆಲ್ಲವೂ ಪುಸ್ತಕದ ಜಾತ್ರೆಯೊಂದರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಆದರೆ ‘ಬೇಕು’ ಎಂಬ ಮಾತನ್ನು ಒಂದು ಸಲ ನಿರ್ಭಯವಾಗಿ ಆಡಿದ ನಾಲಗೆಗೆ ಎರಡನೆಯ ಸಲ ಅದು ಅಷ್ಟು ಭಾರವಾಗುವುದಿಲ್ಲವೆಂಬುದನ್ನು ಉಪಾಧ್ಯಾಯ ವೃತ್ತಿಯಲ್ಲಿರುವವರೆಲ್ಲರೂ ಬಲ್ಲರು.

ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ನಿಮ್ಮ ಊರಿನಲ್ಲಿಯೋ ನೆರೆಯ ಊರಿನಲ್ಲಿಯೋ ಪುಸ್ತಕದ ಅಂಗಡಿಗಳು ಬಯಲಿನಲ್ಲಿ ನೆರೆದರೆ, ಮಗಳನ್ನು ಕರೆದುಕೊಂಡು ಹೋಗಿರಿ. ಬಳೆಗೆ ಕೊಡುವಷ್ಟು ಹಣವನ್ನು ಅವಳ ಕೈಯಲ್ಲಿ ಕೊಡಿರಿ. ಅಂಗಡಿಯವರು ಏನು ಬೇಕೆಂದು ಕೇಳಿದಾಗ ಅವಳ ಪರವಾಗಿ ನೀವು ಉತ್ತರ ಕೊಡಬೇಡಿರಿ. ಅವಳು ತಿರುಗಿ ನಿಮ್ಮ ಮುಖವನ್ನು ನೋಡಿದರೆ, ಬೇರೆ ಕಡೆಗೆ ನೋಡಿರಿ. ಅವಳು ಆರಿಸಿದುದು ನಿಮಗೆ ಹಿಡಿಸದೆ ಇರಬಹುದು. ಮುಂದಿನ ವರ್ಷ ಅವಳಿಗೂ ಅದು ಹಿಡಿಸದೆ ಹೋಗಬಹುದು. ಆಗ ಮತ್ತೊಂದನ್ನು ಆರಿಸುವಳು. ಆರಿಸುವುದನ್ನು ಕಲಿಯುವುದಕ್ಕೆ ಆರಿಸುವುದರ ಹೊರತು ಬೇರೆ ಪಾಠವಿಲ್ಲ.

ನನ್ನ ಪ್ರಿಯ ವಿದ್ಯಾರ್ಥಿನಿಯರೇ, ಬೀಗವಿಲ್ಲದ ಆ ಬೀರುವಿನಲ್ಲಿ ಇನ್ನೂ ಬಹಳ ಸ್ಥಳವಿದೆ. ‘ಆರಿಸಿದವಳು’ ಎಂಬ ಮಾತಿನ ಮುಂದೆ ನಿಮ್ಮಲ್ಲಿ ಪ್ರತಿಯೊಬ್ಬಳ ಹೆಸರೂ ಬರೆಯಲ್ಪಡಲೆಂಬುದೇ ನನ್ನ ಹಾರೈಕೆ.